ಚಳಿಗಾಲದಾಗ ಉತ್ತರಾಖಂಡದ ಕೇದಾರಕಂಠ ಗುಡ್ಡ ಹತ್ತಾಕ ಹೊಂಟೋರು ಇದನ್ನ ಓದ್ಕೊಂಡ ಹೋಗ್ರಿ

ಬೆಳಗಾವ್ಯಾಗ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ದಿಲ್ಲಿಯ ನಿಜಾಮುದ್ದೀನ್, ಅಲ್ಲಿಂದ ಡೆಹ್ರಾಡೂನ್ ಮುಟ್ಟೂದಕ್ಕ ಏನೂ ತ್ರಾಸಿಲ್ಲ. ತ್ರಾಸ್ ಚಾಲೂ ಆಗೂದು ಅದರ ಮುಂದ. ಗುಡ್ಡ ಹತ್ತೂದು ಚಾಲೂ ಆಗೂ ಊರು ಸಾಂಕ್ರಿ, ಡೆಹ್ರಾಡೂನಿಂದ ಸುಮಾರು 200 ಕಿಮೀ, ಎಲ್ಲಾ ಘಾಟ್ ರಸ್ತೆ, ಇಡೀ ದಿನ ಹಿಡಿತೈತಿ. ನಾವು ಹತ್ತಿದ ಬಸ್ಸಿನಾಂವ ಸಾಂಕ್ರಿ ತನಕ ಅಂತ ಪೂರಾ ರೊಕ್ಕ ಇಸ್ಕೊಂಡು ನಡುವಿನ ಪುರೋಲಾ ಊರಾಗ ಎಲ್ಲಾರ್ನೂ ಇಳಿಸಿಬಿಟ್ಟ, ಕೇಳಿದ್ರ ಮುಂದ ಜೀಪ್ ಸಿಗ್ತಾವ ಹೋಗ್ರಿ ಅಂದ, ಆ ಜೀಪಿಗೆ ಮತ್ತ ಬ್ಯಾರೆ ರೊಕ್ಕ. ಹತ್ತೂಕ್ಕಿಂತ ಮೊದ್ಲ ಕಂಡಕ್ಟರ್‌ನ ಕಡೆ ಟಿಕೆಟ್ ಮ್ಯಾಲೆ ಊರ ಹೆಸರು ಬರಿಸ್ಕೊಳ್ರಿ.

ಪುರೋಲಾದಾಗ ಮಾತ್ರ ಊಟ ಮಾಡದ ಮುಂದ ಹೋಗಬ್ಯಾಡ್ರಿ. ಸ್ಟ್ಯಾಂಡ್ ಹತ್ರ ಬೋರ್ಡೂ ಇಲ್ಲದ ಒಂದು ಸಣ್ಣ ಖಾನಾವಳಿ, ನಾಕು ಬೆಂಚು ಅಷ್ಟ. ಆ ಭಾಗದ ಗದ್ಯಾಗ ಬೆಳೆಯೂ ಕೆಂಪಕ್ಕಿ ಅನ್ನ, ಮ್ಯಾಲೆ ಗಟ್ಟಿ ರಾಜ್ಮಾ, ಒಂದು ಚಮಚ ತುಪ್ಪ, ಹಸಿ ಮುಲ್ಲಂಗಿ. ಅಗದಿ ಕಡಿಮಿ ರೊಕ್ಕಕ್ಕ ಹೊಟ್ಟಿ ತುಂಬಾ ಊಟ, ತಾಟು ಖಾಲಿ ಆಗೂದ್ರಾಗ ಆ ತಾಯಿ ಮತ್ತೊಂದು ಸೌಟು ಹಾಕಿರ್ತಾರ, ಬ್ಯಾಡ ಅಂದ್ರೂ ಕೇಳಂಗಿಲ್ಲ. ಇಡೀ ಪ್ರವಾಸದಾಗ ಅಂಥಾ ಊಟ ಮತ್ತ ಸಿಗಲಿಲ್ಲ. ಕೈಯಾಗಿನ ಖರ್ಚಿನ ರೊಕ್ಕಾನೂ ಪುರೋಲಾದ ಎಟಿಎಂನಾಗ ತಕ್ಕೊಂಡ ಬಿಡ್ರಿ.

ಈಗ ಮುಖ್ಯ ಮಾತು. ಇಲ್ಲಿ ಬರ್ಫ ಮ್ಯಾಲೆ ಜಾರೂ ಸ್ಕೀ ಬೇಕಾಗಂಗಿಲ್ಲ, ಅದು ಉತ್ತರಾಖಂಡದ ಇನ್ನೊಂದು ಊರು ಔಲಿ ಕಡೆ. ಇಲ್ಲಿ ಬೂಟಿನ ಮ್ಯಾಲೆ ಮೈಕ್ರೋಸ್ಪೈಕ್, ಅಂದ್ರ ಜಾರಬಾರದಂತ ಇರೂ ಕಬ್ಬಿಣದ ಹಲ್ಲು, ಸರಪಳಿ, ರಬ್ಬರ್ ಪಟ್ಟಿ, ಹಾಕ್ಕೊಂಡು ಹತ್ತೂದು. ಸಾಂಕ್ರ್ಯಾಗ ಬಾಡಿಗಿ ಅಂಗಡ್ಯಾಂವ ಕೊಟ್ಟಿದ್ದು ಹಳೇ ಮಾಲು, 12,500 ಅಡಿ ತುದಿಗೆ ಹೋಗೂ ಏಣಿನ (ಗುಡ್ಡದ ಇಕ್ಕಟ್ಟು ನೆತ್ತಿ) ಮ್ಯಾಲೆ, ಇನ್ನೂ ಕತ್ತಲ ಇದ್ದಾಗ, ಎಡಗಾಲಿನ ರಬ್ಬರ್ ಪಟ್ಟಿ ಪಟ್ಟಂತ ಹರದು ಸರಪಳಿ ಜೋತಾಡಾಕತ್ತು. ಗೈಡ್ ಹಗ್ಗ ಬಿಗಿದು ಕಟ್ಟಿದ, ಅದಕ್ಕ ತುದಿ ಮುಟ್ಟಿದೆ. ಕೆಳಗ ಬಂದ್ ಮ್ಯಾಲೆ ನೀವ ಹರದೀರಿ ಅಂತ ಆ ಅಂಗಡ್ಯಾಂವ ಡಿಪಾಸಿಟ್ ಕೊಡಲೇ ಇಲ್ಲ, ಇನ್ನೂ ಸಿಟ್ಟು ಇಳಿದಿಲ್ಲ ನಂಗ. ತಗೊಳ್ಳೋ ಮುಂದ ರಬ್ಬರ್ ಎಳೆದು ನೋಡ್ರಿ, ಸಣ್ಣ ಬಿರುಕು ಕಂಡ್ರೂ ವಾಪಸ್ ಕೊಡ್ರಿ, ಹಲ್ಲು ಮೊಂಡ ಆಗ್ಯಾವೇನು ಬಟ್ಟಿಟ್ಟು ನೋಡ್ರಿ, ಅಂಗಡ್ಯಾಂವನ ಮುಂದ ಫೋಟೋ ಹೊಡ್ಕೊಳ್ರಿ. ಬೂಟಿನ ಮ್ಯಾಲೆ ಕಾಲಿಗೆ ಹಾಕ್ಕೊಳ್ಳೂ ಗೇಟರ್ ಅನ್ನೋ ಕವರಿಂದೂ ಜಿಪ್ ನೋಡ್ರಿ, ಬೂಟಿನಾಗ ಬರ್ಫ ಹೊಕ್ಕರ ಬಟ್ಟು ಸೆಡ್ತಾವ.

ಕ್ರಿಸ್ಮಸ್‌ದಿಂದ ಹೊಸ ವರ್ಷದ ತನಕ ಯಾರೂ ಹೋಗಬ್ಯಾಡ್ರಿ. ಏಣಿನ ಮ್ಯಾಲೆ ದಾರಿ ಒಂದಾಳಿಂದು, ಮುಂದಿನಾಂವ ಸೆಲ್ಫಿಗೆ ನಿಂತ್ರ ಹಿಂದ ಪಾಳಿ ಪೂರಾ ನಿಲ್ತೈತಿ, ನಿಂತಷ್ಟೂ ಥಂಡಿ ಎಲುಬಿಗೆ ಇಳಿತೈತಿ. ಗದ್ದಲ ನಂಗ ಆಗಿಬರಂಗಿಲ್ಲ, ಆದ್ರ ಇದು ಬರೇ ಆ ಮಾತಲ್ಲ, ಹೊತ್ತು ಏರಿದ್ರ ಗಟ್ಟಿ ಇದ್ದ ಬರ್ಫ ಮೆತ್ತಗಾಗಿ ಇಳಿಯೋ ಮುಂದ ಮೊಣಕಾಲ ಮಟ ಹುಗೀತೈತಿ. ಫೆಬ್ರವರಿ ಮೊದಲಿಗೆ, ಶನಿವಾರ ಐತವಾರ ಬಿಟ್ಟು ಹೋಗ್ರಿ, ಬರ್ಫ ಇದ್ದೇ ಇರ್ತೈತಿ.

ಗೋಕಾಕ ಕರದಂಟು ಒಯ್ರಿ, ಜಾಕೀಟಿನ ಒಳಗಿನ ಕಿಸೆದಾಗ ಇಟ್ಕೊಳ್ರಿ, ಚೀಲದಾಗ ಇಟ್ರ ಕಲ್ಲಾಗ್ತೈತಿ. ನೀರಿನ ಬಾಟ್ಲಿ ಬೋರಲು ಇಡ್ರಿ, ಬರ್ಫ ಮ್ಯಾಲಿನ ಕಡೆ ಮೊದ್ಲ ಕಟ್ಟೂದ್ರಿಂದ ಮುಚ್ಚಳ ಬಿಚ್ಚಿದ್ರ ನೀರು ಬರ್ತೈತಿ. ಮೊಬೈಲ್ ರಾತ್ರಿ ಸ್ಲೀಪಿಂಗ್ ಬ್ಯಾಗಿನಾಗ.