ಮೆಳೆಯ ಮುಳ್ಳು

ಬಿಎಸ್ಸಿ ಎರಡನೇ ವರ್ಷದಲ್ಲಿ ನನ್ನ ಅಂಗೈಗೆ ಬಿದಿರಿನ ಮುಳ್ಳು ಹೊಕ್ಕಿತ್ತು. ಗುರುತು ಈಗಲೂ ಇದೆ. ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ ಒಂದು ಮೆಳೆಯ ಬುಡ ಅಳೆಯುತ್ತಿದ್ದೆವು. ಬಾಟನಿ ಸರ್ ಟೇಪಿನ ತುದಿ ನನಗೆ ಕೊಟ್ಟು, "ಒಳಗೆ ಕೈ ಹಾಕು, ಕಳಲೆ ಎಷ್ಟಿವೆ ಎಣಿಸು" ಅಂದರು. ಕೈ ಹಾಕಿದೆ, ಚೀರಿದೆ. ಸರ್ ನಕ್ಕರು. "ಗೊತ್ತಾಯ್ತಲ್ಲ? ದನದ ಮೂತಿಗೂ ಹೀಗೇ ಆಗೋದು."

ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಹೆಸರು ನಾನು ಮೊದಲು ಕೇಳಿದ್ದು ಅವತ್ತು, ಮುಳ್ಳು ತೆಗೆಸಿಕೊಳ್ಳುತ್ತಾ.

ಗಾಡ್ಗೀಳರು ಪುಣೆಯವರು. ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮುಗಿಸಿ, 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಮ್ಮ ಜಿಲ್ಲೆಯ ಕಾಡಿನಲ್ಲಿ ಬಿದಿರು ಖಾಲಿಯಾಗುತ್ತಿದ್ದ ಕಾಲ ಅದು. ಕಾಗದದ ಕಾರ್ಖಾನೆಗೆ ಬಿದಿರನ್ನು ಮೊದಲು ಕೊಟ್ಟಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಆದರೂ ತಪ್ಪು ಹಳ್ಳಿಯವರದ್ದು, ಅವರ ದನಗಳದ್ದು ಅನ್ನುವ ಮಾತೇ ಜಾಸ್ತಿ. ಗಾಡ್ಗೀಳರು ಲೆಕ್ಕ ಹಾಕುವ ಮೊದಲು ಊರಿನವರನ್ನು ಕೇಳಿದರು. ಮೆಳೆ ಚೊಕ್ಕಟವಾಗಿರಲಿ, ಗಳ ಕಡಿಯಲು ಸುಲಭವಾಗಲಿ ಅಂತ ಬಿದಿರು ಕಡಿಸುವವರು ಬುಡದ ಮುಳ್ಳನ್ನೆಲ್ಲ ಸವರಿ ತೆಗೆಯುತ್ತಿದ್ದರು. ಅದರಿಂದಲೇ ಎಳೆ ಕಳಲೆ ದನಕ್ಕೆ, ಮುಸಿಯಕ್ಕೆ, ಮುಳ್ಳಹಂದಿಗೆ ಸಿಗುತ್ತಿದೆ ಅಂದರು ಊರಿನವರು. ಆಮೇಲೆ ಅಳೆದು ನೋಡಿದರೆ ಅವರ ಮಾತೇ ನಿಜ.

ಸರ್ ಇದನ್ನು ಹೇಳಿ ಸುಮ್ಮನಾಗಲಿಲ್ಲ. ಮರುವಾರ ಪೇಟೆಯಲ್ಲಿ ಬುಟ್ಟಿ ಹೆಣೆಯುವ ಮೇದಾರ ಅಜ್ಜನ ಹತ್ತಿರ ಕರೆದುಕೊಂಡು ಹೋದರು. ಅಜ್ಜ ಬಿದಿರು ಸೀಳುತ್ತಿದ್ದ. ಕತ್ತಿಯನ್ನು ಗಳದ ತಲೆಗೆ ಊರಿ ಒಂದು ಪೆಟ್ಟು ಕೊಟ್ಟರೆ, ಸೀಳು ತಾನಾಗಿ ಗಂಟಿನಿಂದ ಗಂಟಿಗೆ ಓಡುತ್ತಿತ್ತು. ಮುಳ್ಳಿನ ವಿಷಯ ಕೇಳಿದೆ. ತಲೆ ಎತ್ತದೆ ಹೇಳಿದ: "ಇದ್ಕೆ ಕಾಲೇಜಿಗೆ ಹೋಗ್ಬೇಕಾ ತಮಾ?"

ಮೂರನೇ ವರ್ಷದ ಸೆಮಿನಾರಿಗೆ ಸರ್ ಒಂದು ಜೆರಾಕ್ಸ್ ಕೊಟ್ಟರು. ಗಾಡ್ಗೀಳ್ ಮತ್ತು ವಿಲಿಯಂ ಬೊಸರ್ಟ್ 1970ರಲ್ಲಿ ಬರೆದ ಪ್ರಬಂಧ. ಬರೀ ಗಣಿತ. ಒಂದಕ್ಷರ ತಲೆಗೆ ಹೋಗಲಿಲ್ಲ. ಮಾವು ಹತ್ತಾರು ವರ್ಷ ಕಾಯಿ ಬಿಡುತ್ತದೆ, ಬಿದಿರು ಮಾತ್ರ ದಶಕಗಟ್ಟಲೆ ಕಾದು ಒಮ್ಮೆ ಹೂ ಬಿಟ್ಟು ಸಾಯುತ್ತದೆ, ಯಾಕೆ? ಪ್ರಶ್ನೆ ಅಷ್ಟೇ. ಸರ್ ಮಾರಿಕಾಂಬಾ ಜಾತ್ರೆ ಹಿಡಿದುಕೊಂಡು ವಿವರಿಸಿದರು. ಜಾತ್ರೆಯಲ್ಲಿ ಬಳೆ ಅಂಗಡಿ ಹಾಕುವವನು ಅರ್ಧ ಅಂಗಡಿ ಹಾಕಿದರೆ ಜಾಗದ ಬಾಡಿಗೆಯೂ ಹುಟ್ಟುವುದಿಲ್ಲ. ಹಾಕಿದರೆ ಇದ್ದಬದ್ದ ದುಡ್ಡೆಲ್ಲ ಸುರಿಯಬೇಕು. ಖರ್ಚು ಹೆಚ್ಚಿದಷ್ಟೂ ಫಲ ಇನ್ನೂ ಜೋರಾಗಿ ಏರುವುದಾದರೆ, ಜೀವ ಎಲ್ಲವನ್ನೂ ಒಂದೇ ಸಲ ಸುರಿಯುತ್ತದೆ. ಹಾಗಲ್ಲದಿದ್ದರೆ ಪೇಟೆಯ ದಿನಸಿ ಅಂಗಡಿಯ ಹಾಗೆ ದಿನಾ ಸ್ವಲ್ಪ ಸ್ವಲ್ಪ. ಜೀವಿಗಳ ಆಯುಷ್ಯದ ಲೆಕ್ಕಾಚಾರ ಓದುವವರು ಇವತ್ತಿಗೂ ಆ ಪ್ರಬಂಧ ತಿರುವುತ್ತಾರೆ. ನಾನು ಮಾತ್ರ ಸೆಮಿನಾರಿನಲ್ಲಿ ಬಳೆ ಅಂಗಡಿಯನ್ನೇ ಹೇಳಿ ಪಾಸಾದೆ.

ಗಾಡ್ಗೀಳರ ಎಲ್ಲ ಮಾತನ್ನೂ ನಾನು ಒಪ್ಪಿದವನಲ್ಲ. 1983ರಲ್ಲಿ ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರಾ ಅವರ ಜೊತೆ ಜಾತಿ ಪದ್ಧತಿಯ ಮೇಲೆ ಬರೆದರು. ಒಂದೊಂದು ಜಾತಿ ಒಂದೊಂದು ಸಂಪನ್ಮೂಲ ಹಂಚಿಕೊಂಡಿದ್ದರಿಂದ ಪೈಪೋಟಿ ತಗ್ಗಿತು, ಕಾಡು ಉಳಿಯಿತು ಅನ್ನುವ ವಾದ. ಬಿದಿರು ಮೇದಾರರಿಗೆ, ಸರಿ. ಆದರೆ ಅಜ್ಜ ನಮ್ಮ ಮನೆಗೆ ಬುಟ್ಟಿ ತಂದಾಗ ಜಗಲಿ ಹತ್ತುತ್ತಿರಲಿಲ್ಲ. ಆ ಲೆಕ್ಕ ಎಲ್ಲಿ ಹೋಯಿತು? ಇದನ್ನು ಕೇಳಿದವರು ನನಗಿಂತ ಮೊದಲೇ ಬೇಕಾದಷ್ಟು ಜನ ಇದ್ದರು ಅಂತ ಆಮೇಲೆ ತಿಳಿಯಿತು.

ಅವರು 1983ರಲ್ಲೇ ಕಟ್ಟಿದ ಪರಿಸರ ವಿಜ್ಞಾನ ಕೇಂದ್ರದ ಕೆಲಸ ನಮ್ಮ ಕಾನು, ದೇವರಕಾಡುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಆನೆಗಳ ಬಗ್ಗೆ ಜಗತ್ತೇ ಕೇಳುವ ರಾಮನ್ ಸುಕುಮಾರ್ ಗಾಡ್ಗೀಳರ ಶಿಷ್ಯರು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಅವರ ಸಮಿತಿ 2011ರಲ್ಲಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿಯಂತೂ ಎಲ್ಲರಿಗೂ ಗೊತ್ತು. ಓದದೇ ಬೈದವರೇ ಜಾಸ್ತಿ, ಅಲ್ವಾ? ಏನು ಮಾಡಬೇಕು, ಏನು ಬೇಡ ಅನ್ನುವುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ ಅಂತ ಅವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಊರೂರಿನ ಗಿಡ, ಪ್ರಾಣಿ, ಅದರ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲ ಒಂದು ದಾಖಲೆಯಲ್ಲಿ ಇರಬೇಕು ಅನ್ನುವುದಕ್ಕೂ ಅವರು ತುಂಬಾ ಓಡಾಡಿದವರು. 2002ರ ಜೀವವೈವಿಧ್ಯ ಕಾಯ್ದೆ ಬಂದ ಮೇಲೆ ಅದು ಪಂಚಾಯಿತಿಗಳ ಕೆಲಸವೇ ಆಯಿತು. ಹೋದ ತಿಂಗಳು ಮನೆ ಕಂದಾಯ ಕಟ್ಟಲು ಹೋದವನು ಸುಮ್ನೆ ಕುತೂಹಲಕ್ಕೆ ಆ ದಾಖಲೆ ಕೇಳಿದೆ. ಕಪಾಟಿನ ಅಡಿಯಿಂದ ತೆಗೆದು, ಧೂಳು ಹೊಡೆದು ಕೊಟ್ಟರು. ಬಿದಿರು ಇತ್ತು. ಉಪಯೋಗ: ಬುಟ್ಟಿ, ಏಣಿ, ಕಳಲೆ ಪಲ್ಯ. ಮುಳ್ಳಿನ ಸುದ್ದಿ ಇರಲಿಲ್ಲ.

"ಇದಕ್ಕೆ ಒಂದು ಸಾಲು ಸೇರಿಸಬಹುದಾ?" ಅಂದೆ.

"ಹಾಗೆಲ್ಲ ಬರೆಯೋ ಹಾಗಿಲ್ಲ, ಸಭೆಗೆ ಬಂದು ಹೇಳಿ" ಅಂದರು.

ಮುಂದಿನ ಗ್ರಾಮಸಭೆ ಯಾವತ್ತು ಅಂತ ಕೇಳಿಕೊಂಡು ಬಂದಿದ್ದೇನೆ.