ಆನ್ಯಾಂಗ್‌ನಿಂದ ಷಿಯಾನ್‌ವರೆಗೆ: ಚೀನೀ ಲಿಪಿಯ ಜಾಡಿನಲ್ಲಿ ಹನ್ನೊಂದು ದಿನ

ಪ್ರಾಚೀನ ಚೀನಾವನ್ನು ನೋಡಬೇಕೆಂದು ಹೊರಡುವವರಿಗೆ ಪ್ರವಾಸ ಸಂಸ್ಥೆಗಳು ಸಾಮಾನ್ಯವಾಗಿ ಷಿಯಾನ್‌ನಲ್ಲಿ ಎರಡು ದಿನ ಕೊಡುತ್ತವೆ. ಚೀನಾದ ಮೊದಲ ಚಕ್ರವರ್ತಿ ಚಿನ್ ಷಿಹುವಾಂಗ್‌ನ ಸಮಾಧಿಯ ಬಳಿ ಹೂಳಿದ್ದ ಮಣ್ಣಿನ ಸೈನಿಕರನ್ನು ನೋಡಿಕೊಂಡು ಮುಂದಿನ ಊರಿಗೆ ಹೊರಡುವುದಷ್ಟೇ ಅಲ್ಲಿಯ ಕಾರ್ಯಕ್ರಮ. ನಾನು ಮತ್ತು ನನ್ನ ಪತ್ನಿ ಏಪ್ರಿಲ್ ತಿಂಗಳಲ್ಲಿ ಬೇರೆ ಕ್ರಮವನ್ನು ಅನುಸರಿಸಿದೆವು. ಬೀಜಿಂಗ್‌ನಲ್ಲಿ ಇಳಿದು, ಆನ್ಯಾಂಗ್, ಲುವೊಯಾಂಗ್, ಷಿಯಾನ್ ಈ ಮೂರು ಹಳೆಯ ರಾಜಧಾನಿಗಳನ್ನು ಒಂದಾದ ಮೇಲೊಂದರಂತೆ ನೋಡಿದೆವು. ಇದೇ ಕ್ರಮವನ್ನು ನಿಮಗೂ ಸೂಚಿಸಲು ಕಾರಣವೊಂದಿದೆ. ಮೂರು ಸಾವಿರಕ್ಕೂ ಹೆಚ್ಚು ವರ್ಷ ಕಡಿಯದೆ ಬಂದ ಒಂದು ಲಿಪಿಯೇ ಆ ನಾಗರಿಕತೆಯ ಬೆನ್ನೆಲುಬು. ಆ ಲಿಪಿಯನ್ನು ಅದರ ಮೊದಲ ನೆಲೆಯಲ್ಲಿ ನೋಡಿಬಂದವರಿಗೆ ಮುಂದಿನ ಊರುಗಳಲ್ಲಿ ಕಾಣುವುದೆಲ್ಲವೂ ಒಂದೇ ಕಥೆಯ ಅಧ್ಯಾಯಗಳಂತೆ ತೆರೆದುಕೊಳ್ಳುತ್ತವೆ.

ಬೀಜಿಂಗ್‌ನಲ್ಲಿ ಒಂದು ದಿನವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮೀಸಲಿಡಿ. ಆನ್ಯಾಂಗ್‌ನಲ್ಲಿ 1939ರಲ್ಲಿ ಸಿಕ್ಕಿದ, 832 ಕಿಲೋಗ್ರಾಂಗಿಂತ ಹೆಚ್ಚು ತೂಗುವ ನಾಲ್ಕು ಕಾಲಿನ ಕಂಚಿನ ಪಾತ್ರೆ ಇರುವುದು ಆನ್ಯಾಂಗ್‌ನಲ್ಲಲ್ಲ, ಇಲ್ಲಿ. ಮರುದಿನ ಬೀಜಿಂಗ್ ಪಶ್ಚಿಮ ನಿಲ್ದಾಣದಿಂದ ಹೈಸ್ಪೀಡ್ ರೈಲು ಹತ್ತಿದರೆ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಆನ್ಯಾಂಗ್ ಪೂರ್ವ ನಿಲ್ದಾಣ ಸಿಗುತ್ತದೆ. ಪಾಸ್‌ಪೋರ್ಟೇ ಟಿಕೆಟ್ ಆಗಿರುವುದರಿಂದ ಅದು ಸದಾ ಕೈಗೆಟಕುವಂತಿರಲಿ.

ಆನ್ಯಾಂಗ್ ಹೆನಾನ್ ಪ್ರಾಂತ್ಯದ ಒಂದು ಕೈಗಾರಿಕಾ ನಗರ. ಅದರ ಅಂಚಿನಲ್ಲಿರುವ ಯಿನ್‌ಷು ಎಂಬ ಪ್ರದೇಶವು ಮೂರು ಸಾವಿರ ವರ್ಷಗಳಿಗೂ ಹಿಂದಿನ ಶಾಂಗ್ ರಾಜವಂಶದ ಕೊನೆಯ ರಾಜಧಾನಿಯ ಅವಶೇಷ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇಲ್ಲಿಯ ರೈತರು ಉಳುವಾಗ ಸಿಕ್ಕಿದ ಮೂಳೆಗಳನ್ನು ‘ಡ್ರ್ಯಾಗನ್ ಮೂಳೆ’ ಎಂದು ಔಷಧಿ ಅಂಗಡಿಗಳಿಗೆ ಮಾರುತ್ತಿದ್ದರು. ಅಲ್ಲಿ ಅವನ್ನು ಅರೆದು ಮದ್ದು ಮಾಡುತ್ತಿದ್ದರು. 1899ರಲ್ಲಿ ವಾಂಗ್ ಯಿರೊಂಗ್ ಎಂಬ ವಿದ್ವಾಂಸರು ಅವುಗಳ ಮೇಲಿನ ಗೀರುಗಳು ಪ್ರಾಚೀನ ಬರಹವೆಂದು ಗುರುತಿಸಿದರು. 1928ರಲ್ಲಿ ವ್ಯವಸ್ಥಿತ ಉತ್ಖನನ ಆರಂಭವಾಯಿತು, ಮತ್ತು 1936ರಲ್ಲಿ ಒಂದೇ ಗುಂಡಿಯಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ತುಂಡುಗಳು ದೊರೆತವು.

ನಮ್ಮ ಹಳ್ಳಿಗಳಲ್ಲಿ ದೇವರ ಮುಂದೆ ನಿಂತು ಅಪ್ಪಣೆ ಕೇಳುವುದನ್ನು ಕಂಡವರಿಗೆ ಈ ಮೂಳೆಗಳ ಉದ್ದೇಶವನ್ನು ವಿವರಿಸಬೇಕಾಗಿಲ್ಲ. ಆಮೆಯ ಹೊಟ್ಟೆಯ ಚಿಪ್ಪಿನಲ್ಲಿ ಅಥವಾ ಎತ್ತಿನ ಹೆಗಲ ಮೂಳೆಯಲ್ಲಿ ಹಿಂಬದಿಯಿಂದ ಸಣ್ಣ ಕುಳಿಗಳನ್ನು ಕೊರೆದು, ಅಲ್ಲಿಗೆ ಕಾದ ವಸ್ತುವನ್ನು ತಾಗಿಸಿದಾಗ ಮುಂಬದಿಯಲ್ಲಿ ಮೂಡುವ ಬಿರುಕನ್ನು ನೋಡಿ ರಾಜನು ಪೂರ್ವಜರ ಉತ್ತರವನ್ನು ತಿಳಿಯುತ್ತಿದ್ದನು. ಮಳೆ, ಬೆಳೆ, ಯುದ್ಧ, ಹಲ್ಲುನೋವು, ಹೆರಿಗೆ ಎಲ್ಲವೂ ಅಲ್ಲಿ ಪ್ರಶ್ನೆಗಳೇ. ವೂ ಡಿಂಗ್ ರಾಜನ ರಾಣಿ ಫೂ ಹಾವೊಳ ಹೆರಿಗೆಯ ಬಗ್ಗೆ ಕೇಳಿದ ಒಂದು ಪ್ರಶ್ನೆಯಲ್ಲಿ ಪ್ರಶ್ನೆಯೂ ರಾಜನು ಓದಿದ ಶಕುನವೂ ಮೂವತ್ತೊಂದು ದಿನಗಳ ನಂತರದ ಫಲಿತಾಂಶವೂ ದಾಖಲಾಗಿವೆ: ಶುಭವಾಗಲಿಲ್ಲ, ಹೆಣ್ಣು ಮಗು. ಅದನ್ನು ಓದಿ ನನ್ನ ಪತ್ನಿ ಬಹಳ ಹೊತ್ತು ಮಾತನಾಡಲಿಲ್ಲ. ಅದೇ ಫೂ ಹಾವೊ ಹದಿಮೂರು ಸಾವಿರ ಸೈನಿಕರ ದಂಡನ್ನು ನಡೆಸಿದವಳೆಂದು ಇನ್ನೊಂದು ಮೂಳೆ ಹೇಳುತ್ತದೆ. 1976ರಲ್ಲಿ ಕೊಳ್ಳೆಯಾಗದೆ ದೊರೆತ ಅವಳ ಸಮಾಧಿಯಲ್ಲಿ 468 ಕಂಚಿನ ವಸ್ತುಗಳು, 755 ಜೇಡ್ ವಸ್ತುಗಳು ಮತ್ತು ಸುಮಾರು ಏಳು ಸಾವಿರ ಕವಡೆಗಳಿದ್ದವು. ಜೊತೆಗೆ ಬಲಿಯಾದ ಹದಿನಾರು ಮನುಷ್ಯರ ಅಸ್ಥಿಗಳೂ ಇದ್ದವು. ಈ ನಾಗರಿಕತೆಯನ್ನು ಗೌರವದಿಂದ ನೋಡುವವರು ಆ ಸಂಖ್ಯೆಯಿಂದ ಕಣ್ಣು ತಪ್ಪಿಸಬಾರದೆಂದು ನನಗನ್ನಿಸುತ್ತದೆ.

ಯಿನ್‌ಷುವಿಗೆ ಪೂರ್ತಿ ಒಂದು ದಿನ ಬೇಕು. ಬೆಳಗ್ಗೆ ಹುವಾನ್ ನದಿಯ ದಡದ ಅರಮನೆ ಪ್ರದೇಶವನ್ನೂ ರಥಗಳ ಗುಂಡಿಗಳನ್ನೂ ನೋಡಿ, ಮಧ್ಯಾಹ್ನದ ನಂತರ 2024ರಲ್ಲಿ ತೆರೆದ ಹೊಸ ವಸ್ತುಸಂಗ್ರಹಾಲಯಕ್ಕೆ ಹೋಗಿ. ಮರುದಿನ ಅರ್ಧ ದಿನವನ್ನು ಊರಿನಲ್ಲೇ ಇರುವ ಚೀನೀ ಲಿಪಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಿ. ಮಳೆ, ಕುದುರೆ, ಮೀನು, ಬೆಟ್ಟ ಇವುಗಳ ಚಿತ್ರದಂತಹ ಮೂಲರೂಪಗಳು ಇಂದಿನ ಅಕ್ಷರಗಳಾಗಿ ಬದಲಾದ ಬಗೆಯನ್ನು ಅಲ್ಲಿ ಹಂತಹಂತವಾಗಿ ನೋಡಬಹುದು. ಹತ್ತಿಪ್ಪತ್ತು ಅಕ್ಷರಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದು ಮುಂದಿನ ಇಡೀ ಪ್ರಯಾಣದಲ್ಲಿ ನಮಗೆ ನೆರವಾಯಿತು.

ಲುವೊಯಾಂಗ್‌ಗೆ ಎರಡು ದಿನ ಸಾಕು. ಲಾಂಗ್‌ಮೆನ್ ಗುಹೆಗಳಲ್ಲಿ 675ರಲ್ಲಿ ಪೂರ್ಣಗೊಂಡ, ಹದಿನೇಳು ಮೀಟರ್ ಎತ್ತರದ ವೈರೋಚನ ಬುದ್ಧನನ್ನು ನೋಡಲು ಬೆಳಗ್ಗೆ ಬೇಗ ಹೋಗಿ. ಭಾರತದಿಂದ ಬಂದ ಕಾಶ್ಯಪ ಮಾತಂಗ ಮತ್ತು ಧರ್ಮರತ್ನ ಎಂಬ ಭಿಕ್ಷುಗಳ ಸಮಾಧಿಗಳೆಂದು ನಂಬಲಾದ ದಿಬ್ಬಗಳು ಶ್ವೇತಾಶ್ವ ದೇವಾಲಯದ ಆವರಣದಲ್ಲಿವೆ.

ಷಿಯಾನ್‌ಗೆ ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ. ಮಣ್ಣಿನ ಸೈನಿಕರಿರುವ ಲಿಂಟಾಂಗ್‌ಗೆ ಮೆಟ್ರೊ ಒಂಬತ್ತನೆಯ ಮಾರ್ಗದಲ್ಲಿ ಹುವಾಚಿಂಗ್‌ಚಿ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬಹುದು. 1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ ಈ ಸೈನ್ಯದ ಮೊದಲನೆಯ ಗುಂಡಿಯೇ 230 ಮೀಟರ್ ಉದ್ದ, 62 ಮೀಟರ್ ಅಗಲವಿದೆ. ಮುಂಭಾಗದ ಕಟಕಟೆಯ ಬಳಿ ಜನ ಕಿಕ್ಕಿರಿದಿರುತ್ತಾರೆ. ಪಕ್ಕದ ದಾರಿಯಲ್ಲಿ ಹಿಂದಕ್ಕೆ ನಡೆದರೆ, ಒಡೆದ ತುಂಡುಗಳನ್ನು ಕೂಡಿಸುತ್ತಿರುವ ಭಾಗವನ್ನು ಸಮಾಧಾನದಿಂದ ನೋಡಬಹುದು. ಕೆಲವು ಮೂರ್ತಿಗಳ ಮೇಲೆ ಮೇಸ್ತ್ರಿಗಳ ಹೆಸರುಗಳನ್ನು ಕೊರೆಯಲಾಗಿದೆ. ಅದು ಗೌರವಕ್ಕಾಗಿ ಅಲ್ಲ, ಕೆಲಸ ಕೆಟ್ಟರೆ ಹೊಣೆಗಾರನನ್ನು ಹಿಡಿಯುವುದಕ್ಕಾಗಿ. ಕ್ರಿ.ಪೂ. 221ರಲ್ಲಿ ಏಳು ರಾಜ್ಯಗಳನ್ನು ಒಂದುಗೂಡಿಸಿ, ತೂಕ, ಅಳತೆ, ಗಾಡಿಯ ಅಚ್ಚಿನ ಉದ್ದದ ಜೊತೆಗೆ ಬರಹವನ್ನೂ ಒಂದೇ ಮಾದರಿಗೆ ತಂದ ಚಿನ್ ಷಿಹುವಾಂಗ್‌ನ ಆಡಳಿತದ ಸ್ವಭಾವ ಆ ಪುಟ್ಟ ಹೆಸರುಗಳಲ್ಲಿ ಕಾಣುತ್ತದೆ. ಆ ಚಕ್ರವರ್ತಿಯ ಸಮಾಧಿ ದಿಬ್ಬವನ್ನು ಇಂದಿಗೂ ಅಗೆದಿಲ್ಲ.

ಷಿಯಾನ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಸ್ಥಳವೆಂದರೆ 1087ರಲ್ಲಿ ನೆಲೆಗೊಂಡ ‘ಬೇಯ್‌ಲಿನ್’, ಅಂದರೆ ಶಿಲಾಶಾಸನಗಳ ವನ. ಪ್ರತಿ ಮಾಡುವವರ ಕೈತಪ್ಪಿನಿಂದ ಗ್ರಂಥಗಳು ಕೆಡಬಾರದೆಂದು ಟಾಂಗ್ ಅರಸರು 837ರಲ್ಲಿ ಹನ್ನೆರಡು ಪ್ರಮಾಣಗ್ರಂಥಗಳನ್ನು 114 ಕಲ್ಲುಗಳ ಎರಡೂ ಬದಿಗೆ ಕೊರೆಸಿದರು. ಆ ಕಲ್ಲಿನ ಗ್ರಂಥಾಲಯ ಇಲ್ಲಿ ಸಾಲಾಗಿ ನಿಂತಿದೆ. ಪಶ್ಚಿಮ ಏಷ್ಯಾದ ಸಿರಿಯಾಕ್ ಲಿಪಿಯ ಅಕ್ಷರಗಳೂ ಇರುವ 781ರ ಕ್ರೈಸ್ತ ಶಾಸನವನ್ನು ತಪ್ಪದೆ ನೋಡಿ. ನಮ್ಮ ಶಾಸನಗಳ ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಇಲ್ಲಿಯ ಕಾಗದ, ಮಸಿ ಮತ್ತು ಬಟ್ಟೆಯ ಉಂಡೆ ಹಳೆಯ ಪರಿಚಯದಂತೆ ತೋರುತ್ತವೆ.

ಕೆಲವು ವ್ಯಾವಹಾರಿಕ ಮಾತುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಮುಂಗಡ ಕಾಯ್ದಿರಿಸುವಿಕೆ ಅಗತ್ಯ, ಮತ್ತು ಹಲವು ಸೋಮವಾರ ಮುಚ್ಚಿರುತ್ತವೆ. ಒಂದು ಕಡೆ ಹೆಸರು ಮತ್ತು ಉಪನಾಮ ಪಾಸ್‌ಪೋರ್ಟ್‌ನಲ್ಲಿದ್ದ ಕ್ರಮದಲ್ಲಿ ನಮೂದಾಗಿರಲಿಲ್ಲವೆಂದು ನಮ್ಮನ್ನು ಒಳಗೆ ಬಿಡಲಿಲ್ಲ. ಆ ಇಡೀ ಬೆಳಗು ವ್ಯರ್ಥವಾಯಿತು. ಹಣ ಪಾವತಿಗೆ ಅಲಿಪೇ ಎಂಬ ಮೊಬೈಲ್ ಆ್ಯಪನ್ನು ನಿಮ್ಮ ಕಾರ್ಡಿಗೆ ಜೋಡಿಸಿ ಊರಿನಲ್ಲೇ ಸಿದ್ಧಪಡಿಸಿಕೊಳ್ಳಿ. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಿ ಹೋಗಬೇಡಿ. ಸಸ್ಯಾಹಾರಿಗಳು ‘ವೊ ಚೀ ಸೂ’ (ನಾನು ಸಸ್ಯಾಹಾರಿ) ಎಂಬ ಮಾತನ್ನು ಚೀನೀ ಅಕ್ಷರಗಳಲ್ಲೂ ಬರೆಸಿಟ್ಟುಕೊಳ್ಳಬೇಕು. ತರಕಾರಿ ಸಾರಿನಲ್ಲೂ ಮೂಳೆಯ ರಸವಿರಬಹುದಾದ್ದರಿಂದ ಷಿಯಾನ್‌ನಲ್ಲಿ ಹುಳಿ ಖಾರದ ತಣ್ಣನೆಯ ನೂಡಲ್ಸ್ ‘ಲ್ಯಾಂಗ್‌ಪಿ’ ನಮಗೆ ಆಸರೆಯಾಯಿತು. ರೈಲು ನಿಲ್ದಾಣಗಳಲ್ಲಿ ಬಿಸಿನೀರು ಉಚಿತವಾಗಿ ದೊರೆಯುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದು ಒಳ್ಳೆಯದಾಯಿತು.

ಕೊನೆಯ ದಿನವನ್ನು 652ರಲ್ಲಿ ಕಟ್ಟಲಾರಂಭಿಸಿದ ಮಹಾ ಕಾಡುಬಾತು ಗೋಪುರಕ್ಕೆ ಇಟ್ಟುಕೊಂಡಿದ್ದೆವು. ನಾವು ಹ್ಯೂಯೆನ್‌ತ್ಸಾಂಗ್ ಎಂದು ಶಾಲೆಯಲ್ಲಿ ಓದಿದ ಯಾತ್ರಿಕರು ಅಲ್ಲಿ ಷ್ವಾನ್‌ಜಾಂಗ್. ದಾರಿ ಕೇಳುವಾಗ ಆ ಉಚ್ಚಾರವನ್ನೇ ಬಳಸಿ. ಅವರು 645ರಲ್ಲಿ ಭಾರತದಿಂದ ತಂದ 657 ಗ್ರಂಥಗಳ ರಕ್ಷಣೆಗೆಂದೇ ಈ ಗೋಪುರ ಎದ್ದಿತು. ಇಮ್ಮಡಿ ಪುಲಕೇಶಿಯ ರಾಜ್ಯದ ಜನರು ಸ್ವಾಭಿಮಾನಿಗಳೆಂದೂ, ಹರ್ಷನಿಗೂ ಅವರನ್ನು ಮಣಿಸಲಾಗಲಿಲ್ಲವೆಂದೂ ಅವರು ಬರೆದಿಟ್ಟಿದ್ದಾರೆ. ಐಹೊಳೆಯ ಮೇಗುಟಿ ಬೆಟ್ಟದ ಮೇಲೆ ರವಿಕೀರ್ತಿಯು 634ರ ಶಾಸನದಲ್ಲಿ ಹೇಳಿದ ಮಾತೂ ಅದೇ. ಆಸ್ಥಾನಕವಿಯ ಹೊಗಳಿಕೆಯೆಂದು ತಳ್ಳಿಹಾಕಬಹುದಾಗಿದ್ದ ಸಂಗತಿಗೆ ಹೊರನಾಡಿನ ಭಿಕ್ಷುವಿನ ಸಾಕ್ಷ್ಯ ಸಿಕ್ಕಿದ್ದನ್ನು ಆ ಅಂಗಳದಲ್ಲಿ ನೆನೆದಾಗ ನನ್ನ ಕಣ್ಣು ತುಂಬಿತು. ಗೋಪುರದ ದಕ್ಷಿಣ ಬಾಗಿಲಿನ ಎರಡೂ ಬದಿಯಲ್ಲಿ, ಅವರ ಅನುವಾದಗಳಿಗೆ ಇಬ್ಬರು ಚಕ್ರವರ್ತಿಗಳು ಬರೆದ ಮುನ್ನುಡಿಗಳನ್ನು ಚೂ ಸುಯಿಲಿಯಾಂಗ್ ಎಂಬ ಲಿಪಿಕಾರರ ಕೈಬರಹದಲ್ಲಿ ಕೊರೆದ ಕಲ್ಲುಗಳಿವೆ. ಗೋಪುರ ಹತ್ತಲು ಪ್ರತ್ಯೇಕ ಟಿಕೆಟ್ ಬೇಕು ಮತ್ತು ಮೆಟ್ಟಿಲುಗಳು ಕಡಿದಾಗಿವೆ. ಮಂಡಿನೋವಿರುವವರು ಹತ್ತುವುದನ್ನು ಬಿಟ್ಟು ಆ ಸಮಯವನ್ನು ಈ ಕಲ್ಲುಗಳ ಮುಂದೆ ಕಳೆಯಿರಿ, ಆನ್ಯಾಂಗ್‌ನಲ್ಲಿ ಬರೆದುಕೊಂಡ ಅಕ್ಷರಗಳಲ್ಲಿ ಕೆಲವಾದರೂ ಅಲ್ಲಿ ಗುರುತು ಸಿಗುತ್ತವೆ.