ನಕಲು ಮಾಡಿದವರನ್ನು ಯಾಕೆ ಬಿಡ್ತೀರಿ ಅಂತ ಕೇಳುವವರಿಗೆ

ಬೀದರಿನಲ್ಲಿ ಬಿದರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು, ಮಾಡ್ತೀನಿ ಅಂದರೆ ಸಾಕು, ಬಂದೇ ಬರುತ್ತದೆ ಈ ಪ್ರಶ್ನೆ. "ನಿಮ್ಮ ಡಿಸೈನ್ ಎಲ್ಲರೂ ಕದೀತಾರಲ್ಲ, ನೀವ್ಯಾಕೆ ಸುಮ್ನಿದ್ದೀರಿ?" ಕೇಳುವ ಧಾಟಿಯಲ್ಲೇ ತಪ್ಪು ನನ್ನದು ಅಂತ ತೀರ್ಮಾನ ಆಗಿರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡ್ತೀನಿ.

ನಾನು ಕೊರೆಯುವ ಅಶ್ರಫಿ ಬೂಟಿ ಅನ್ನೋ ಹಳೆ ಹೂವಿನ ಚಿತ್ತಾರ ನನ್ನ ಡಿಸೈನ್ ಅಲ್ಲ. ಉಸ್ತಾದರು ಕಲಿಸಿದ್ದು, ಅವರಿಗೆ ಅವರ ಹಿರಿಯರು ಕಲಿಸಿದ್ದು. ಪಕ್ಕದ ಕಾರ್ಖಾನೆಯ ಹುಡುಗ ನನ್ನ ಹೂದಾನಿ ನೋಡಿ ಅಂಥದ್ದೇ ಮಾಡಿದರೆ ನನಗೆ ಬೇಜಾರಿಲ್ಲ. ಅವನೂ ಬೆನ್ನು ಬಗ್ಗಿಸಿ ಉಳಿ ಹಿಡಿದಿದ್ದಾನೆ.

ಹೊಟ್ಟೆ ಉರಿಯೋದು ಬೇರೆ ಕಡೆ. ಒಮ್ಮೆ ಒಬ್ಬ ಅಕ್ಕ ಒಂದು ಡಬ್ಬಿ ತಂದು ಮುಂದಿಟ್ಟರು. "ನಿಮ್ಮ ಬಿದರಿ ಬಣ್ಣ ಬಿಡ್ತದಲ್ರೀ!" ಉಗುರಿನಿಂದ ಕೆರೆದೆ. ಕಪ್ಪು ಉಗುರಿಗೆ ಬಂತು. ಬೆಳ್ಳಿ ಗೆರೆ ಅಂದುಕೊಂಡಿದ್ದೂ ಬರೀ ಬಣ್ಣ.

ನಿಜವಾದ ಬಿದರಿಯಲ್ಲಿ ಹೀಗಾಗಲ್ಲ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ಯುತ್ತೇವೆ. ಮೈಲುತುತ್ತದ ನೀರು ಸವರಿ ಮೈ ಸದ್ಯಕ್ಕೆ ಕಪ್ಪಾದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಬೇಕು. ಉಜ್ಜಿ ಸಮ ಮಾಡಿ, ಬಿಸಿ ಮಾಡಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದಾಗ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪು ಲೋಹದ ಮೈಯಲ್ಲೇ ಹುಟ್ಟಿದ್ದು. ಉಗುರಿಗೆ ಹೇಗೆ ಬರುತ್ತದೆ?

ಕಾನೂನು ಇಲ್ವಾ ಅಂತೀರಿ. ಇದೆ. 2006ರಲ್ಲಿ ಬಿದರಿಗೆ ಜಿಐ, ಅಂದರೆ ಇದು ಈ ಊರಿನ ಕಸುಬು ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಅದು ಕಾಯೋದು ಬಿದರಿ ಅನ್ನುವ ಹೆಸರನ್ನು. ನಾನೇ ಕೂತು ಬರೆದ ಹೊಸ ಬಳ್ಳಿ ಡಿಸೈನಿಗೆ 2000ದ ವಿನ್ಯಾಸ ಕಾಯ್ದೆಯಡಿ ಬೇರೆ ನೋಂದಣಿ ಬೇಕು. ಆ ಹಕ್ಕು ಮೊದಲು 10 ವರ್ಷ, ವಿಸ್ತರಿಸಿಕೊಂಡರೆ ಇನ್ನೂ 5 ವರ್ಷ. ಆದರೆ ಅರ್ಜಿ ಹಾಕುವ ಮುಂಚೆ ಆ ಡಿಸೈನ್ ಎಲ್ಲೂ ಹೊರಗೆ ಬಂದಿರಬಾರದು. ಖುಷಿಗೆ ಇನ್‌ಸ್ಟಾಗ್ರಾಮಿಗೆ ಒಂದು ಫೋಟೋ ಹಾಕಿಬಿಟ್ಟರೆ ಹೊಸದು ಅನ್ನೋ ಹಕ್ಕೇ ಹೋದ ಹಾಗೆ. ಕಸುಬಿನವರು ಇದೊಂದು ಮಾತು ನೆನಪಿಟ್ಟುಕೊಳ್ಳಿ: ಮೊದಲು ಅರ್ಜಿ, ಆಮೇಲೆ ಫೋಟೋ.

ನನ್ನನ್ನು ಕೇಳಬೇಕಾದ್ದು ಬೇರೆಯೇ ಇದೆ. ಇದರಲ್ಲಿರೋದು ಬೆಳ್ಳಿಯೇನಾ? ಯಾರು ಕೊರೆದದ್ದು? ಎಷ್ಟು ದಿನ ಹಿಡಿಯಿತು? ಕೊಳ್ಳುವವರು ಅಂಗಡಿಯಲ್ಲಿ ಇಷ್ಟು ಕೇಳಿದರೆ ಬಣ್ಣ ಬಳಿದ ಡಬ್ಬಿ ಮಾರುವವನಿಗೆ ಮಾತೇ ಬರಲ್ಲ.

ಆ ಅಕ್ಕನ ಕೈಗೆ ನಮ್ಮದೊಂದು ಮುಚ್ಚಳ ಕೊಟ್ಟೆ. ಉಗುರಿನಿಂದ ಕೆರೆದು ನೋಡ್ರಿ ಅಂದೆ. ಕೆರೆದರು, ಮತ್ತೆ ಕೆರೆದರು. ಆಮೇಲೆ ಬೆಳ್ಳಿ ಎಳೆಯ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾ ಕೇಳಿದರು: "ಇಷ್ಟು ಸಣ್ಣ ಎಳೆ ಯಾರು ಕೂಡ್ಸಿದ್ರೀ?"

ಒಳಗೆ ಕೂತು ಉಜ್ಜುತ್ತಿದ್ದ ಹುಡುಗನನ್ನು ಕೂಗಿ ಕರೆದೆ.